ಒಳಲೆಯೂ ಅದರ ಬಂಧುಬಳಗವೂ

ಹಳೆಯ ಹಿತ್ತಾಳೆ ತಾಮ್ರದ ಸಾಮಾನುಗಳನ್ನು ಮಾರುವ ಅಂಗಡಿಗಳಲ್ಲಿ ದೀಪದ ಕಂಬ, ಅಡಕೊತ್ತು, ಸುಣ್ಣದ ಡಬ್ಬಿ ಮೊದಲಾದವುಗಳ ನಡುವೆ ಒಮ್ಮೊಮ್ಮೆ ಅಂಗೈಯೊಳಗೆ ಅಡಗುವಷ್ಟು ಪುಟ್ಟದಾದ ಒಂದು ಪಾತ್ರೆ ಕಣ್ಣಿಗೆ ಬೀಳುವುದುಂಟು. ಅದು ಬಟ್ಟಲೂ ಅಲ್ಲ, ಚಮಚವೂ ಅಲ್ಲ. ಹಿಂಭಾಗ ದುಂಡು; ಮುಂಭಾಗ ಹಕ್ಕಿಯ ಕೊಕ್ಕಿನಂತೆ ನೀಳವಾಗಿ ಚಾಚಿ, ನಡುವೆ ಒಂದು ತೋಡು ಇಳಿದಿರುತ್ತದೆ. ಕೊಳ್ಳಲು ಬಂದವರಲ್ಲಿ ಅದನ್ನು ದೀಪವೆಂದು ಭಾವಿಸುವವರೂ ಉಂಟು. ಎಣ್ಣೆ ಹಾಕಿ ಬತ್ತಿ ಹೊಸೆದಿಟ್ಟರೆ ಉರಿಯಲೂಬಹುದು. ಆದರೆ ಅದು ದೀಪವಲ್ಲ, ಒಳಲೆ. ಒಂದು ಕಾಲಕ್ಕೆ ಬಾಣಂತಿಯ ಕೋಣೆಯಲ್ಲಿ ತೊಟ್ಟಿಲಿನಷ್ಟೇ ಸಹಜವಾಗಿ ಇದ್ದ ಪದಾರ್ಥ. ಉಳ್ಳವರ ಮನೆಯಲ್ಲಿ ಬೆಳ್ಳಿಯದು, ಉಳಿದವರಲ್ಲಿ ಹಿತ್ತಾಳೆಯದು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಲೆಯನ್ನು ತುಸು ಎತ್ತಿ, ಆ ಕೊಕ್ಕನ್ನು ತುಟಿಯ ಅಂಚಿಗೆ ತಾಗಿಸಿ ಹನಿಹನಿಯಾಗಿ ಹಾಲೆರೆಯುವ ಕಲೆ ನಮ್ಮ ಅಜ್ಜಿಯರಿಗೆ ಕರಗತವಾಗಿತ್ತು.

ಹಾಲೂಡುವ ತಾಯಿಗೆ ಬೇಕಾಗುವ ಸಲಕರಣೆಗಳ ವಿಷಯವನ್ನು ಬರೆಯಹೊರಟವರು ಒಳಲೆಯಿಂದಲೇ ತೊಡಗುವುದು ನ್ಯಾಯ. ಇಂದು ಔಷಧದ ಅಂಗಡಿಯ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತಿರುವ ಪಂಪು, ಶೀಶೆ, ಸಿಲಿಕೋನಿನ ಟೊಪ್ಪಿಗೆ, ಮುಲಾಮು, ಪುಡಿ, ದಿಂಬುಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅದರ ಬಂಧುಗಳೇ. ಬಂಧುಗಳೆಂದ ಮಾತ್ರಕ್ಕೆ ಎಲ್ಲರೂ ಹಿತವರೆಂದು ಹೇಳಲಾಗದು. ಕಷ್ಟಕ್ಕೆ ಒದಗುವವರಿರುತ್ತಾರೆ, ಸುಮ್ಮನೆ ಉಂಡು ಹೋಗುವವರಿರುತ್ತಾರೆ, ಮನೆಯನ್ನೇ ಒಡೆಯುವವರೂ ಇರುತ್ತಾರೆ. ಯಾರು ಯಾವ ಬಗೆಯವರೆಂದು ತಿಳಿಯಲು ಒಂದೇ ಒಂದು ಪ್ರಶ್ನೆ ಸಾಕೆಂದು ತೋರುತ್ತದೆ: ಈ ವಸ್ತುವು ಕೂಸನ್ನು ತಾಯಿಯ ಎದೆಯ ಬಳಿಗೆ ತರುತ್ತದೆಯೋ, ಅಲ್ಲಿಂದ ದೂರಕ್ಕೆ ಒಯ್ಯುತ್ತದೆಯೋ?

ಈ ಪ್ರಶ್ನೆಯನ್ನು ಹಾಕಿದರೆ ಒಳಲೆಯ ಪೂರ್ವಚರಿತ್ರೆ ಅಷ್ಟೇನೂ ನಿಷ್ಕಳಂಕವಾಗಿ ಕಾಣುವುದಿಲ್ಲ. ಕೂಸು ಹುಟ್ಟಿದ ಮೊದಲ ಎರಡು ಮೂರು ದಿನ ತಾಯಿಗೆ ಹಾಲೇ ಇರುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಹುಕಾಲ ಬೇರೂರಿತ್ತು. ಆ ದಿನಗಳಲ್ಲಿ ಒಳಲೆಯಿಂದ ಕೂಸಿನ ಬಾಯಿಗೆ ಬೀಳುತ್ತಿದ್ದುದು ಸಕ್ಕರೆ ನೀರು, ಜೇನು, ಒಂದು ತೊಟ್ಟು ಹರಳೆಣ್ಣೆ. ತಾಯಿಯ ಎದೆಯಿಂದ ಬರುವ ಹಳದಿ ಛಾಯೆಯ ಗಟ್ಟಿ ಹಾಲು ಕೆಟ್ಟದ್ದೆಂದು ಅದನ್ನು ಹಿಂಡಿ ಚೆಲ್ಲುತ್ತಿದ್ದರು. ಹಸು ಈದಿತೆಂದರೆ ಗಿಣ್ಣದ ಹಾಲಿಗಾಗಿ ನೆರೆಮನೆಯವರೆಲ್ಲ ಪಾತ್ರೆ ಹಿಡಿದು ಕಾಯುವ ನಾಡು ಇದು. ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಕಾಯಿಸಿ ಬಾಯಿ ಚಪ್ಪರಿಸಿದವರು ತಮ್ಮ ಮನೆಯ ಕೂಸಿನ ಪಾಲಿನ ಗಿಣ್ಣನ್ನು ಮಾತ್ರ ಬಚ್ಚಲಿಗೆ ಚೆಲ್ಲಿದರು! ರೋಗನಿರೋಧಕ ದ್ರವ್ಯಗಳಿಂದ ತುಂಬಿದ ಆ ಹಾಲು ಪ್ರಮಾಣದಲ್ಲಿ ಬಹು ಸ್ವಲ್ಪವೆಂಬುದು ನಿಜ. ಆದರೆ ಮೊದಲ ದಿನದ ಕೂಸಿಗೆ ಒಂದು ಸಲಕ್ಕೆ ಬೇಕಾಗುವುದೂ ಒಂದು ಸಣ್ಣ ಚಮಚದಷ್ಟೇ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ತುಂಬುವವರೆಗೆ ನೀರೂ ಸೇರದಂತೆ ಎದೆಹಾಲು ಮಾತ್ರ, ಆ ತರುವಾಯ ಬೇರೆ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ—ಇದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಇಲ್ಲಿ ಜೇನಿಗೆ ಸ್ಥಳವಿಲ್ಲ. ಜೇನಿನಲ್ಲಿ ಕೆಲವೊಮ್ಮೆ ಅಡಗಿರುವ ಸೂಕ್ಷ್ಮಜೀವಿಯ ಬೀಜಗಳು ವರ್ಷ ತುಂಬದ ಕೂಸಿಗೆ ಪ್ರಾಣಾಂತಿಕವಾಗಬಲ್ಲವು.

ಹೀಗೆ ಅಪರಾಧಿಯಾಗಿ ಮೂಲೆ ಸೇರಿದ ಒಳಲೆ ಮತ್ತೆ ಮಾನ್ಯತೆ ಪಡೆದದ್ದು ಯಾರೂ ಎಣಿಸದಿದ್ದ ಸ್ಥಳದಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ, ಅದರಲ್ಲೂ ಮೂವತ್ತನಾಲ್ಕು ವಾರಗಳ ಗರ್ಭವಾಸವನ್ನೂ ಮುಗಿಸದವಕ್ಕೆ, ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ತಾಯಿ ತನ್ನ ಕೈಯಿಂದಲೇ ಹಿಂಡಿದ ಹಾಲನ್ನು ಅವುಗಳ ಬಾಯಿಗೆ ಸೇರಿಸುವ ಬಗೆ ಹೇಗೆ? ನಮ್ಮ ದೇಶದ ಆಸ್ಪತ್ರೆಗಳ ನವಜಾತ ಶಿಶುಗಳ ವಾರ್ಡುಗಳಲ್ಲಿ ದಾದಿಯರು ಇದಕ್ಕಾಗಿ ಕೈಗೆತ್ತಿಕೊಂಡದ್ದು ಅಜ್ಜಿಯ ಒಳಲೆಯನ್ನೇ. ತಮಿಳಿನಲ್ಲಿ ಅದಕ್ಕೆ ಪಾಲಾಡೈ ಎಂದು ಹೆಸರು. ವೈದ್ಯಕೀಯ ಪತ್ರಿಕೆಗಳಲ್ಲಿ ನೆಲೆಗೊಂಡಿರುವುದೂ ಆ ಹೆಸರೇ. ಒಳಲೆ, ಲೋಟ, ಶೀಶೆ ಈ ಮೂರನ್ನೂ ಒರೆಗೆ ಹಚ್ಚಿ ೧೯೯೯ರಲ್ಲಿ ಪ್ರಕಟವಾದ ಭಾರತೀಯ ವೈದ್ಯರ ಒಂದು ಅಧ್ಯಯನದಲ್ಲಿ, ಒಳಲೆಯಿಂದ ಕೂಸುಗಳು ಕಡಮೆ ಹೊತ್ತಿನಲ್ಲಿ ಹೆಚ್ಚು ಹಾಲು ಕುಡಿದು, ಹೆಚ್ಚು ಶಾಂತವಾಗಿಯೂ ಇದ್ದುವೆಂದು ಕಂಡುಬಂದಿತು. ಈಗ ಅದು ಸ್ಟೀಲಿನಲ್ಲಿ ಬರುತ್ತದೆ. ಎಲ್ಲ ಕಡೆಯೂ ತೆರೆದ ಪಾತ್ರೆಯಾದ್ದರಿಂದ ಕೊಳೆ ಅಡಗಲು ಮೂಲೆಯಿಲ್ಲ. ತೊಳೆದು ನೀರಿನಲ್ಲಿ ಕುದಿಸಿದರೆ ಮುಗಿಯಿತು. ಪಾತ್ರೆ ಬದಲಾಗಲಿಲ್ಲ, ಅದರೊಳಗಿನದು ಬದಲಾಯಿತು. ಸಕ್ಕರೆ ನೀರಿನ ಜಾಗಕ್ಕೆ ತಾಯಿಯ ಹಾಲು ಬಂದಿತು. ಎದೆಗೆ ಬಾಯಿಡುವ ಶಕ್ತಿ ಬರುವ ತನಕ ಕೂಸನ್ನು ಕಾಪಾಡಿ ತಾಯಿಗೆ ಒಪ್ಪಿಸುವ ಕೆಲಸ ಒಳಲೆಯದಾಯಿತು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: 'ಹಸುವಿಗೆ, ಆಡಿಗೆ, ಬೆಕ್ಕಿಗೆ ಯಾವ ಸಲಕರಣೆ ಬೇಕಾಗಿದೆ? ಸೃಷ್ಟಿಸಹಜವಾದ ಕಾರ್ಯಕ್ಕೆ ಇಷ್ಟೆಲ್ಲ ಆಡಂಬರವೇಕೆ?' ಎಂದು. ಈ ಮಾತನ್ನು ಆಡುವವರಲ್ಲಿ ಹೆಚ್ಚಿನವರು ಗಂಡಸರೆಂಬುದನ್ನು ಗಮನಿಸಬೇಕು. ಮೊದಲ ಬಾರಿ ತಾಯಿಯಾದವಳಿಗೆ ಕೂಸನ್ನು ಹಿಡಿದುಕೊಳ್ಳುವ ಭಂಗಿಯಿಂದ ಮೊದಲ್ಗೊಂಡು ಎಲ್ಲವನ್ನೂ ಯಾರಾದರೂ ಹೇಳಿಕೊಡಬೇಕಾಗುತ್ತದೆ. ಕೂಸು ಚೀಪಬೇಕಾದುದು ಬರಿಯ ತೊಟ್ಟನ್ನಲ್ಲ, ಸುತ್ತಲಿನ ಕಪ್ಪುಭಾಗವನ್ನೂ ಬಾಯಿ ತುಂಬ ಹಿಡಿಯಬೇಕು ಎಂಬಷ್ಟು ಸಣ್ಣ ಸಂಗತಿಯನ್ನು ತಿಳಿಯದೆ ತೊಟ್ಟು ಬಿರಿದು, ರಕ್ತ ಬಂದು, ಪ್ರತಿ ಸಲ ಕೂಸು ಅತ್ತಾಗಲೂ ಹಲ್ಲುಕಚ್ಚಿ ಕುಳಿತುಕೊಳ್ಳುವ ಹೆಂಗಸರ ಸಂಖ್ಯೆ ಸಣ್ಣದಲ್ಲ. 'ಸಹಜ' ಎಂಬ ಮಾತು ಅಂಥವಳಿಗೆ ಸಾಂತ್ವನವಲ್ಲ. ತನ್ನಲ್ಲೇ ಏನೋ ಊನವಿದೆ ಎಂಬ ತೀರ್ಪು.

ಕೆಲವರಿಗೆ ತೊಟ್ಟು ಹೊರಗೆ ಚಾಚದೆ ಒಳಕ್ಕೆ ಸೇರಿಕೊಂಡಿರುತ್ತದೆ. ಕೂಸಿಗೆ ಹಿಡಿಯಲು ಸಿಕ್ಕದು, ಹಸಿವಿನಿಂದ ಚೀರುತ್ತದೆ, ಮನೆಯವರು ಎರಡು ದಿನ ನೋಡಿ ಮೂರನೆಯ ದಿನ ಪುಡಿಹಾಲಿನ ಡಬ್ಬಿ ತರುತ್ತಾರೆ. ಈ ತೊಂದರೆಗೆ ಜಗತ್ತಿನಲ್ಲೇ ಅತ್ಯಂತ ಅಗ್ಗವಾದ ಪರಿಹಾರವೊಂದು ನಮ್ಮ ದಾವಣಗೆರೆಯಿಂದ ಬಂದಿತೆಂಬುದು ಕನ್ನಡಿಗರಲ್ಲಿಯೇ ಅನೇಕರಿಗೆ ತಿಳಿಯದು. ಅಲ್ಲಿನ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮಕ್ಕಳ ತಜ್ಞೆ ಡಾ. ನಿರ್ಮಲಾ ಕೇಸರಿ ಮತ್ತು ಅವರ ಸಹೋದ್ಯೋಗಿಗಳು ೧೯೯೩ರಲ್ಲಿ ಸ್ತನ್ಯಪಾನಕ್ಕೆಂದೇ ಮೀಸಲಾದ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಅದನ್ನು ಪ್ರಕಟಿಸಿದರು. ಬೇಕಾದುದು ಚುಚ್ಚುಮದ್ದಿನ ಒಂದು ಪ್ಲಾಸ್ಟಿಕ್ ಸಿರಿಂಜು, ಹತ್ತು ಅಥವಾ ಇಪ್ಪತ್ತು ಮಿಲಿಲೀಟರಿನದು, ಮತ್ತು ಒಂದು ಹರಿತವಾದ ಚಾಕು. ಸೂಜಿ ಸಿಕ್ಕಿಸುವ ಮೂತಿಯನ್ನು ಕೊಯ್ದು ಹಾಕಬೇಕು. ಒಳಗಿನ ದಂಡವನ್ನು ಹೊರತೆಗೆದು, ಕೊಯ್ದ ಕಡೆಯಿಂದ ಅದನ್ನು ಮತ್ತೆ ಒಳಕ್ಕೆ ತೂರಿಸಬೇಕು. ಆಗ ಕೊಳವೆಯ ಇನ್ನೊಂದು ತುದಿ, ಕಾರ್ಖಾನೆಯಲ್ಲೇ ನಯವಾಗಿ ಮಾಡಿದ ಅಂಚು, ತಾಯಿಯ ಕಡೆಗೆ ಬರುತ್ತದೆ. ಅದನ್ನು ತೊಟ್ಟಿನ ಸುತ್ತ ಒತ್ತಿ ಹಿಡಿದು, ದಂಡವನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಹಿಡಿದರೆ ತೊಟ್ಟು ಹೊರಗೆ ಚಾಚುತ್ತದೆ. ನೋವಾದರೆ ದಂಡವನ್ನು ಮುಂದಕ್ಕೆ ಬಿಟ್ಟರಾಯಿತು. ಪ್ರತಿ ಸಲ ಹಾಲೂಡುವ ಮೊದಲು ಹೀಗೆ ಮಾಡಿ, ಚಾಚಿದೊಡನೆ ಕೂಸನ್ನು ಎದೆಗೆ ಹಚ್ಚಬೇಕು.

ಎಳೆಯುವ ಕೈ ತಾಯಿಯದೇ ಆಗಿರಬೇಕು ಎಂಬುದು ಈ ಉಪಾಯದ ವಿವೇಕ. ಎಷ್ಟು ಎಳೆದರೆ ನೋವೆಂಬುದು ಅವಳಿಗಲ್ಲದೆ ಮತ್ತಾರಿಗೆ ಗೊತ್ತಾದೀತು? ಪೇಟೆಂಟಿಲ್ಲ, ಪೆಟ್ಟಿಗೆಯಿಲ್ಲ, ಬಣ್ಣದ ಚಿತ್ರವಿಲ್ಲ; ಬೆಲೆ ಕೆಲವೇ ರೂಪಾಯಿ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಕಾರ್ಯಕರ್ತರಿಗಾಗಿ ಸಿದ್ಧಪಡಿಸಿದ ಸ್ತನ್ಯಪಾನ ತರಬೇತಿಯ ಪಾಠಗಳಲ್ಲಿ ಈ ಸಿರಿಂಜಿನ ಚಿತ್ರ ಸೇರಿದೆ. ಹಳ್ಳಿಯ ಉಪಕೇಂದ್ರದಲ್ಲಿಯೂ ಸಿಕ್ಕುವ ವಸ್ತುವನ್ನು ತಿರುವುಮುರುವು ಮಾಡಿ ತಾಯಿಯ ಕೈಗಿತ್ತ ಈ ಬುದ್ಧಿಯನ್ನು ನಾವು ಸಾಕಷ್ಟು ಕೊಂಡಾಡಿಲ್ಲ.

ಬಿರಿದ ತೊಟ್ಟಿಗೆ ಲೋಕ ಕಂಡುಕೊಂಡ ಉಪಾಯಗಳು ಒಂದೆರಡಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸೀಸದ ಟೊಪ್ಪಿಗೆಗಳನ್ನು ಮಾರುತ್ತಿದ್ದರು. ಹಾಲೂಡುವ ನಡುವಿನ ಹೊತ್ತಿನಲ್ಲಿ ಅದನ್ನು ತೊಟ್ಟಿಗೆ ಮುಚ್ಚಿಕೊಂಡರೆ ಗಾಯ ಮಾಯುವುದೆಂಬ ಭರವಸೆ. ಗಾಯ ಮಾಯಿತೋ ಇಲ್ಲವೋ, ಸೀಸವಂತೂ ಹಾಲಿನೊಡನೆ ಕೂಸಿನ ಹೊಟ್ಟೆ ಸೇರಿತು. ಈಗಿನ ಸಿಲಿಕೋನಿನ ಕವಚ ನಿರಪಾಯವಾದುದೇನೋ ಹೌದು. ಬಲ್ಲವರ ಕಣ್ಣೆದುರಿನಲ್ಲಿ ಕೆಲವು ದಿನ ಬಳಸಿದರೆ ಪ್ರಯೋಜನವೂ ಉಂಟು. ಅದನ್ನೇ ಅಭ್ಯಾಸ ಮಾಡಿಕೊಂಡರೆ ಕೆಲವರಲ್ಲಿ ಹಾಲು ಕಡಮೆಯಾಗುವುದುಂಟು. ಮುಲಾಮುಗಳ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ಹಾಲೂಡಿದ ಮೇಲೆ ಕೊನೆಯ ಹನಿಗಳನ್ನೇ ತೊಟ್ಟಿಗೆ ಸವರಿ ಗಾಳಿಗೆ ಆರಬಿಡುವುದು ಹಳೆಯ ಪದ್ಧತಿ. ಅದನ್ನು ವೈದ್ಯರೂ ಹೇಳುತ್ತಾರೆ. ಕೂಸು ಹಿಡಿಯುವ ಬಗೆಯನ್ನು ತಿದ್ದದೆ ಯಾವ ಮುಲಾಮು ಹಚ್ಚಿದರೂ ಬಿರುಕು ಮರಳಿ ಬಂದೇ ಬರುತ್ತದೆ.

ಇನ್ನು 'ಹಾಲು ಸಾಲದು' ಎಂಬ ದೊಡ್ಡ ಭಯ. ನಮ್ಮ ಅಡುಗೆಮನೆಗಳು ಈ ಭಯಕ್ಕೆ ಎಷ್ಟು ಬಗೆಯ ಉತ್ತರಗಳನ್ನು ಸಿದ್ಧಪಡಿಸಿವೆ! ಒಣಕೊಬ್ಬರಿ, ಉತ್ತುತ್ತೆ, ಬೆಲ್ಲ, ತುಪ್ಪದಲ್ಲಿ ಹುರಿದ ಅಂಟು ಸೇರಿದ ಉಂಡೆ, ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ, ಮೆಂತ್ಯ, ಉತ್ತರ ಕರ್ನಾಟಕದ ಕಡೆ ಅಳವಿಯ ಪಾಯಸ. ಇವುಗಳಿಂದ ಹಾಲು ಉಕ್ಕುವುದೆಂಬುದಕ್ಕೆ ವಿಜ್ಞಾನದ ಸಾಕ್ಷ್ಯ ದುರ್ಬಲ. ಹಾಗೆಂದು ಅಂಟಿನುಂಡೆಯ ಮೇಲೆ ನಮಗೆ ಹಗೆಯಿಲ್ಲ. ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು ೬೦೦ ಕ್ಯಾಲೊರಿಗಳಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ; ಉಂಡೆ ಅದರಲ್ಲೊಂದು ಪಾಲನ್ನು ರುಚಿಕರವಾಗಿ ತುಂಬುತ್ತದೆ. ಮೇಲಾಗಿ, ಉಂಡೆಯನ್ನು ಕಟ್ಟಲು ಯಾರೋ ಒಬ್ಬರು ಕೈಗೆ ತುಪ್ಪ ಸವರಿಕೊಂಡು ಅವಳಿಗಾಗಿ ಕುಳಿತಿದ್ದರಲ್ಲ! ಹಾನಿಕರವಾದುದು ಪಥ್ಯದ ಇನ್ನೊಂದು ಮುಖ: ತರಕಾರಿ ಬೇಡ, ಬೇಳೆ ಬೇಡ, ಕುಡಿಯಲು ನೀರನ್ನೂ ಅಳೆದು ಕೊಡುವುದು. ಬರಿಯ ಬಿಳಿ ಅನ್ನದ ಮೇಲೆ ತಿಂಗಳುಗಟ್ಟಲೆ ಇರಿಸಿದರೆ ತಾಯಿಯಲ್ಲಿ ಬಿ ಜೀವಸತ್ವದ ಕೊರತೆಯಾಗಿ, ಅವಳ ಹಾಲನ್ನೇ ಕುಡಿಯುವ ಕೂಸಿಗೆ ಬೆರಿಬೆರಿ ತಗಲಬಹುದು. ಹಾಲೂಡಲು ಕುಳಿತವಳ ಕೈಗೆಟಕುವಂತೆ ಒಂದು ತಂಬಿಗೆ ನೀರು ಇರಲಿ. ಬಾಯಾರಿದಾಗ ಬಾಯಾರಿದಷ್ಟು ಕುಡಿಯಲಿ.

ಹಾಲು ಹುಟ್ಟುವ ಮರ್ಮವೇ ಬೇರೆ. ಕೂಸು ಚೀಪಿದಷ್ಟೂ ತಾಯಿಯ ಮಿದುಳಿನ ಬುಡದ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಸ್ರವಿಸಿ ಹೊಸ ಹಾಲು ಉತ್ಪತ್ತಿಯಾಗುತ್ತದೆ. ಅದೇ ಗ್ರಂಥಿಯಿಂದ ಬರುವ ಆಕ್ಸಿಟೋಸಿನ್ ಆ ಹಾಲನ್ನು ಹೊರಕ್ಕೆ ದೂಡುತ್ತದೆ. ಎದೆ ಬರಿದಾದಷ್ಟೂ ತುಂಬುತ್ತದೆ, ಸೇದುವ ಬಾವಿಯ ಹಾಗೆ. ಆದರೆ ಎರಡನೆಯದಾದ ಆಕ್ಸಿಟೋಸಿನ್ ಬಹು ಸಂಕೋಚದ ವಸ್ತು. ತಾಯಿ ನೊಂದಿದ್ದರೆ, ಬೆದರಿದ್ದರೆ, ಹಾಲಿದ್ದೂ ಇಳಿಯುವುದಿಲ್ಲ. ಕ್ರೋಧ, ಶೋಕ, ವಾತ್ಸಲ್ಯದ ಅಭಾವಗಳಿಂದ ಸ್ತನ್ಯ ನಾಶವಾಗುತ್ತದೆಂದು ಸುಶ್ರುತ ಸಂಹಿತೆಯಲ್ಲಿಯೇ ಹೇಳಿದೆ. ಇದನ್ನು ಅಮೆರಿಕದ ನ್ಯೂಟನ್ ದಂಪತಿಗಳು ೧೯೪೮ರಲ್ಲಿ ಪ್ರಯೋಗಮಾಡಿ ತೋರಿಸಿದರು. ಹಾಲೂಡುತ್ತಿದ್ದ ಒಬ್ಬ ತಾಯಿಯ ಪಾದಗಳನ್ನು ಕೆಲವು ದಿನ ಮಂಜುಗಡ್ಡೆಯ ನೀರಿನಲ್ಲಿ ಇರಿಸಿದರು, ಕಾಲ್ಬೆರಳುಗಳನ್ನು ಎಳೆದರು, ಗಣಿತದ ಲೆಕ್ಕಗಳನ್ನು ಕೇಳಿ, ತಪ್ಪಿದರೆ ವಿದ್ಯುತ್ತಿನ ಸಣ್ಣ ಆಘಾತ ಕೊಟ್ಟರು. ನೆಮ್ಮದಿಯ ದಿನಗಳಲ್ಲಿ ಸರಾಸರಿ ೧೬೮ ಗ್ರಾಂ ಹಾಲು ಕುಡಿಯುತ್ತಿದ್ದ ಕೂಸಿಗೆ ಈ ಪೀಡೆಯ ದಿನಗಳಲ್ಲಿ ದೊರೆತುದು ೯೯ ಗ್ರಾಂ. ಪೀಡೆಯ ಜೊತೆಗೇ ಆಕ್ಸಿಟೋಸಿನ್ ಚುಚ್ಚಿದಾಗ ಅದು ೧೫೩ಕ್ಕೆ ಏರಿತು. ಹಾಲು ಅಲ್ಲಿಯೇ ಇತ್ತು, ಬಾಗಿಲು ಮುಚ್ಚಿತ್ತು.

ನಮ್ಮ ಮನೆಗಳಲ್ಲಿ ಮಂಜುಗಡ್ಡೆಯ ಬೋಗುಣಿಯನ್ನು ಯಾರೂ ತರುವುದಿಲ್ಲ. ಲೆಕ್ಕದ ಪ್ರಶ್ನೆಗಳನ್ನು ಮಾತ್ರ ಧಾರಾಳವಾಗಿ ಕೇಳುತ್ತೇವೆ. 'ಎಷ್ಟು ಹೊತ್ತು ಕುಡೀತು?' 'ಮತ್ತೆ ಯಾಕೆ ಅಳ್ತಿದೆ?' 'ಹೋದ ಸಲ ನಮ್ಮ ಸುಶೀಲನ ಮಗು ಇಷ್ಟು ಹೊತ್ತಿಗೆ ಗುಂಡಗಿತ್ತಲ್ಲ?' ನೋಡಲು ಬಂದ ಪ್ರತಿಯೊಬ್ಬರದೂ ಒಂದೊಂದು ಪ್ರಶ್ನೆ. ತಪ್ಪು ಉತ್ತರಕ್ಕೆ ಶಿಕ್ಷೆಯಾಗಿ ಅತ್ತೆಯ ನಿಟ್ಟುಸಿರು. ಹಾಲು ಸಾಲುತ್ತಿದೆಯೆ ಎಂದು ತಿಳಿಯಲು ತಾಯಿಯನ್ನು ವಿಚಾರಣೆಗೆ ಗುರಿಮಾಡಬೇಕಾಗಿಯೇ ಇಲ್ಲ. ಮೊದಲ ವಾರ ಕಳೆದ ಮೇಲೆ ಕೂಸು ದಿನಕ್ಕೆ ಆರು ಸಲಕ್ಕೆ ಕಡಮೆಯಿಲ್ಲದಂತೆ ಬಟ್ಟೆ ಒದ್ದೆ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಸಾಲುತ್ತಿದೆ. ಆದ್ದರಿಂದ ಬಾಣಂತಿಗೆ ಉಪಯುಕ್ತವಾದ ಸಾಮಗ್ರಿಗಳ ಪಟ್ಟಿಯಲ್ಲಿ ಒಂದು ರಾಶಿ ಹಳೆಯ ಹತ್ತಿಯ ಬಟ್ಟೆಗೂ, ಅಂಗನವಾಡಿಯ ತಕ್ಕಡಿಗೂ ನಾವು ಪಂಪಿಗಿಂತ ಮೇಲಿನ ಸ್ಥಾನ ಕೊಡುತ್ತೇವೆ.

ಪಂಪಿನ ಮಾತು ಬಂತು. ಅದರ ಇತಿಹಾಸ ಸ್ವಾರಸ್ಯವಾದುದು. ಅಮೆರಿಕದಲ್ಲಿ ಓರ್ವೆಲ್ ನೀಡ್ಹ್ಯಾಮ್ ಎಂಬಾತ ೧೮೫೪ರಲ್ಲಿಯೇ ಹಾಲು ಸೆಳೆಯುವ ಪಂಪಿಗೆ ಪೇಟೆಂಟ್ ಪಡೆದಿದ್ದನು. ೧೯೨೦ರ ದಶಕದಲ್ಲಿ ವಿದ್ಯುತ್ತಿನಿಂದ ನಡೆಯುವ ಪಂಪನ್ನು ರೂಪಿಸಿದವನು ಎಡ್ವರ್ಡ್ ಲಾಸ್ಕರ್. ಚದುರಂಗದಲ್ಲಿ ಹೆಸರಾಂತ ಆಟಗಾರ, ವೃತ್ತಿಯಿಂದ ಎಂಜಿನಿಯರ್. ಆದರೆ ಈ ಕಲೆಯಲ್ಲಿ ದೊಡ್ಡ ಹೆಜ್ಜೆ ಇಟ್ಟವನು ಸ್ವೀಡನ್ನಿನ ಐನಾರ್ ಎಗ್ನೆಲ್. ಎಷ್ಟು ಬಲದಿಂದ, ಯಾವ ಲಯದಲ್ಲಿ ಸೆಳೆದರೆ ತಾಯಿಗೆ ನೋವಾಗದೆ ಹಾಲು ಬರುವುದೆಂದು ಆತ ವರ್ಷಗಟ್ಟಲೆ ಪರೀಕ್ಷಿಸಿ ೧೯೫೬ರಲ್ಲಿ ತನ್ನ ಯಂತ್ರವನ್ನು ಲೋಕಕ್ಕೆ ತೋರಿಸಿದನು. ತಾಯಂದಿರ ಬಳಿ ನಿಂತು, ಇಲ್ಲಿ ನೋಯುತ್ತದೆ, ಇಲ್ಲಿ ಸರಿಯಿಲ್ಲ ಎಂದು ತಿದ್ದಿದವಳು ಮಾಯಾ ಕಿಂಡ್‌ಬರ್ಗ್ ಎಂಬ ದಾದಿ. ಎಂಜಿನಿಯರನು ಆ ಉಪಕಾರವನ್ನು ಮರೆಯಲಿಲ್ಲ. ಪಂಪಿಗೆ ಸಿಸ್ಟರ್ ಮಾಯಾಳ ಹೆಸರನ್ನೇ ಇಟ್ಟನು.

ದಿನ ತುಂಬದ ಕೂಸು ಗಾಜಿನ ಪೆಟ್ಟಿಗೆಯಲ್ಲಿರುವಾಗ, ತಾಯಿ ಕಾಯಿಲೆ ಬಿದ್ದಾಗ, ರಜೆ ಮುಗಿದು ಕೆಲಸಕ್ಕೆ ಹೊರಟಾಗ ಒಳ್ಳೆಯ ಪಂಪು ನಿಜವಾದ ಗೆಳತಿ. ಕೂಸು ಮಡಿಲಲ್ಲೇ ಇದ್ದು ಚೆನ್ನಾಗಿ ಕುಡಿಯುತ್ತಿರುವವಳಿಗೆ ಅದು ಬೇಕಿಲ್ಲ. ಪಂಪಿನಲ್ಲಿ ಬಂದ ಹಾಲನ್ನು ಅಳೆದು ಕಂಗೆಡುವವರುಂಟು. ಕೂಸು ಸೆಳೆಯುವಷ್ಟು ಹಾಲನ್ನು ಯಂತ್ರ ಅನೇಕ ವೇಳೆ ಸೆಳೆಯಲಾರದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಅಂಗಡಿಗಳಲ್ಲಿ ಸೈಕಲ್ಲಿನ ಹಾರನ್ನಿನಂಥ ರಬ್ಬರ್ ಗುಂಡಿನ ಅಗ್ಗದ ಪಂಪೊಂದು ಸಿಕ್ಕುತ್ತದೆ. ಅದನ್ನು ಕೊಳ್ಳದಿರುವುದು ಮೇಲು. ಸೆಳೆತ ಹತೋಟಿಗೆ ಬರುವುದಿಲ್ಲ; ಹಾಲು ಗುಂಡಿನೊಳಕ್ಕೆ ನುಗ್ಗಿ, ತೊಳೆಯಲಾಗದೆ ಅಲ್ಲಿಯೇ ಹುಳಿಯುತ್ತದೆ. ಅದಕ್ಕಿಂತ ತೊಳೆದ ಎರಡು ಕೈ ಎಷ್ಟೋ ವಾಸಿ. ಹೆಬ್ಬೆರಳನ್ನೂ ತೋರುಬೆರಳನ್ನೂ ಕಪ್ಪುಭಾಗದ ಅಂಚಿನಲ್ಲಿರಿಸಿ, ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಅದುಮಿ ಬಿಡುವುದು. ತೊಟ್ಟನ್ನು ಎಳೆಯಬಾರದು, ಚರ್ಮವನ್ನು ಉಜ್ಜಬಾರದು. ಎರಡು ಮೂರು ದಿನದಲ್ಲಿ ಕೈಗೆ ಹತ್ತುತ್ತದೆ. ಹಿಂಡಿದ ಹಾಲು ೨೫ ಡಿಗ್ರಿಯವರೆಗಿನ ಉಷ್ಣತೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರಬಲ್ಲುದು. ಕಲಬುರಗಿ ರಾಯಚೂರುಗಳ ಬೇಸಗೆಯಲ್ಲಿ ಆ ನಾಲ್ಕು ಗಂಟೆಯ ಲೆಕ್ಕವನ್ನು ನಂಬಿ ಕೂರಬಾರದು. ಫ್ರಿಜ್ಜಿನಿಂದ ತೆಗೆದ ಹಾಲನ್ನು ಒಲೆಯ ಮೇಲಿಡದೆ, ಬೆಚ್ಚಗಿನ ನೀರಿನ ಬಟ್ಟಲಿನಲ್ಲಿ ಅದರ ಪಾತ್ರೆಯನ್ನಿಟ್ಟು ಹದಮಾಡಬೇಕು.

ಪಂಪಿನ ಪೆಟ್ಟಿಗೆಯನ್ನು ತೆರೆದರೆ ಅನೇಕ ವೇಳೆ ಅದರೊಳಗೆ ಇನ್ನೊಬ್ಬ ಬಂಧು ಕರೆಯದೆ ಬಂದು ಕುಳಿತಿರುತ್ತಾನೆ: ರಬ್ಬರ್ ತೊಟ್ಟಿನ ಶೀಶೆ. ಮನೆಯೊಡೆಯುವ ನೆಂಟನೆಂದು ಆರಂಭದಲ್ಲಿ ಹೇಳಿದ್ದು ಇವನನ್ನೇ. ಶೀಶೆಯ ತೊಟ್ಟನ್ನು ಚೀಪುವ ರೀತಿ ಬೇರೆ, ಎದೆಯನ್ನು ಚೀಪುವ ರೀತಿ ಬೇರೆ. ಸುಲಭದಲ್ಲಿ ಹರಿದುಬರುವುದಕ್ಕೆ ಒಗ್ಗಿದ ಎಳೆಗೂಸು ಎದೆಯನ್ನು ನಿರಾಕರಿಸುವುದುಂಟು. ಕುತ್ತಿಗೆ ಕಿರಿದಾದ ಶೀಶೆಯನ್ನೂ ಸಂದುಗಳಿರುವ ತೊಟ್ಟನ್ನೂ ನಿಜವಾಗಿ ಶುಚಿಮಾಡಲು ಇಂಧನ ಬೇಕು, ನೀರು ಬೇಕು, ಬಿಡುವು ಬೇಕು. ಈ ಮೂರೂ ಇಲ್ಲದ ಮನೆಗೆ ಶೀಶೆ ಹೋದರೆ ಅದರ ಹಿಂದೆಯೇ ಭೇದಿ ಬರುತ್ತದೆ. ಬಡವರು ಪುಡಿಹಾಲನ್ನು ಹೆಚ್ಚು ದಿನ ಬರಲೆಂದು ನೀರಾಗಿ ಕಲಸುತ್ತಾರೆ. ಕೂಸು ಹೊಟ್ಟೆ ತುಂಬಿದಂತೆ ಕಂಡು ಸೊರಗುತ್ತದೆ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ೧೯೩೯ರಲ್ಲಿಯೇ ಸಿಂಗಪುರದ ರೋಟರಿ ಕ್ಲಬ್ಬಿನ ಗಣ್ಯರೆದುರು ಈ ವಿಷಯವಾಗಿ ಉಪನ್ಯಾಸ ಮಾಡಿ ಅದಕ್ಕೆ 'ಹಾಲು ಮತ್ತು ಕೊಲೆ' ಎಂದು ಹೆಸರಿಟ್ಟಿದ್ದಳು. ವಿಶ್ವ ಆರೋಗ್ಯ ಸಭೆ ಈ ವ್ಯಾಪಾರಕ್ಕೆ ಸಂಹಿತೆಯೊಂದನ್ನು ಅಂಗೀಕರಿಸಿದ್ದು ಅದಾದ ನಲವತ್ತೆರಡು ವರ್ಷಗಳ ಮೇಲೆ, ೧೯೮೧ರಲ್ಲಿ.

ನಮ್ಮ ದೇಶದ ಕಾಯಿದೆ ೧೯೯೨ರದು. ೨೦೦೩ರಲ್ಲಿ ಇನ್ನೂ ಬಿಗಿಯಾಯಿತು. ಅದರ ಮೇರೆಗೆ ಶಿಶುವಿನ ಪುಡಿಹಾಲು, ಹಾಲಿನ ಶೀಶೆ, ಎರಡು ವರ್ಷದೊಳಗಿನ ಮಕ್ಕಳ ಸಿದ್ಧ ಆಹಾರ ಇವುಗಳ ಜಾಹೀರಾತು ನಿಷಿದ್ಧ. ಡಬ್ಬಿಯ ಮೇಲೆ ತಾಯಿಯ ಚಿತ್ರವಾಗಲಿ ಕೂಸಿನ ಚಿತ್ರವಾಗಲಿ ಇರಕೂಡದು. ತಾಯಿಯ ಹಾಲೇ ಶ್ರೇಷ್ಠವೆಂಬ ಮಾತನ್ನು ಎದ್ದು ಕಾಣುವಂತೆ ಅಚ್ಚು ಹಾಕಬೇಕು. ತಾಯಂದಿರಿಗೆ ಪುಕ್ಕಟೆ ಮಾದರಿ ಹಂಚಬಾರದು. ವೈದ್ಯರಿಗೆ ಕಾಣಿಕೆ ಕೊಡಬಾರದು. ತನ್ನ ಸರಕಿಗಿಂತ ಮೇಲಾದುದೊಂದು ಇದೆಯೆಂದು ವ್ಯಾಪಾರಿಯೇ ತನ್ನ ಡಬ್ಬಿಯ ಮೇಲೆ ಸಾರಬೇಕಾದ ಪ್ರಸಂಗ ಬೇರೆಲ್ಲಿ ಕಂಡೀತು! ಹಾಗೆಂದು ಡಬ್ಬಿಯ ಹಾಲನ್ನು ಕೊಡಬೇಕಾಗಿ ಬಂದ ತಾಯಿಯನ್ನು ಜರೆಯುವ ಹಕ್ಕು ನಮಗಾರಿಗೂ ಇಲ್ಲ. ತಾಯಿಯಿಲ್ಲದ ಕೂಸುಗಳಿವೆ; ಹಾಲೂಡುವವರು ಸೇವಿಸಬಾರದ ಔಷಧಗಳ ಮೇಲೆ ಬದುಕಿರುವ ತಾಯಂದಿರಿದ್ದಾರೆ; ಏನು ಮಾಡಿದರೂ ಹಾಲು ಸಾಲದವರೂ, ವಿರಳವಾಗಿಯಾದರೂ, ಇದ್ದಾರೆ. ಅವರಿಗೆ ವೈದ್ಯರ ಸಲಹೆ ಬೇಕು, ಕುದಿಸಿದ ನೀರು ಬೇಕು, ಅಳತೆ ತಪ್ಪದ ಚಮಚ ಬೇಕು; ಕುಡಿಸಲು ಶೀಶೆಗೆ ಬದಲಾಗಿ ಲೋಟವೋ ಒಳಲೆಯೋ ಇರಲಿ.

ಇಂಥ ಕೂಸುಗಳಿಗೆ, ಮುಖ್ಯವಾಗಿ ಅಕಾಲದಲ್ಲಿ ಹುಟ್ಟಿದ ಕಡಮೆ ತೂಕದವಕ್ಕೆ, ಇನ್ನೊಂದು ದಾರಿಯೂ ಈಗ ತೆರೆದಿದೆ. ಬೇರೆ ತಾಯಂದಿರು ದಾನ ಕೊಟ್ಟ ಹಾಲನ್ನು ಕೂಡಿಡುವ ಬ್ಯಾಂಕು ೧೯೦೯ರಲ್ಲಿ ವಿಯೆನ್ನಾದಲ್ಲಿ ಆರಂಭವಾಯಿತು. ಭಾರತದ ಮೊದಲ ಬ್ಯಾಂಕನ್ನು ೧೯೮೯ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಸ್ಥಾಪಿಸಿದವರು ಡಾ. ಆರ್ಮಿಡಾ ಫರ್ನಾಂಡಿಸ್. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಅದು ಬಂದದ್ದು ೨೦೨೨ರಲ್ಲಿ. ದಾನಿಗಳ ಆರೋಗ್ಯವನ್ನು ಪರೀಕ್ಷಿಸಿ, ಹಾಲನ್ನು ೬೨.೫ ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ತಂಪುಮಾಡಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ದಾನ ಕೊಡುವವರಲ್ಲಿ ತಮ್ಮ ಕೂಸನ್ನು ಅದೇ ಆಸ್ಪತ್ರೆಯಲ್ಲಿ ಕಳೆದುಕೊಂಡ ತಾಯಂದಿರೂ ಇರುವುದುಂಟೆಂದು ಬಲ್ಲವರು ಹೇಳುತ್ತಾರೆ.

ದಿಂಬು, ಹಾಲೂಡುವ ಉಡುಪು, ಮೇಲೆ ಹೊದೆಯುವ ಮುಸುಕು ಇವುಗಳ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸಬಹುದು. ಅರ್ಧಚಂದ್ರಾಕಾರದ ದಿಂಬು ಸೌಖ್ಯವಾದುದು. ಮಡಿಚಿದ ಕಂಬಳಿಯೂ ಅದೇ ಕೆಲಸ ಮಾಡುತ್ತದೆ. ಮುಸುಕಿನ ಕೆಲಸವನ್ನು ಸೀರೆಯ ಸೆರಗು ಎಷ್ಟೋ ಶತಮಾನಗಳಿಂದ ಮಾಡಿಕೊಂಡು ಬಂದಿದೆ.

ಅಂಗಡಿಯಲ್ಲಿ ದೊರೆಯದ ಸಾಮಗ್ರಿಯೊಂದಿದೆ: ಹೊತ್ತು. ಹೆರಿಗೆಯ ರಜೆಯನ್ನು ೨೦೧೭ರಲ್ಲಿ ೧೨ ವಾರಗಳಿಂದ ೨೬ ವಾರಗಳಿಗೆ ಏರಿಸಿದರು, ಮೊದಲ ಎರಡು ಮಕ್ಕಳಿಗೆ. ಅದರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಪೂರ್ತಿ ಎಂಟನ್ನೂ ತೆಗೆದುಕೊಂಡವಳಿಗೆ ಆಮೇಲೆ ಉಳಿಯುವುದು ೧೮ ವಾರ, ಎಂದರೆ ನಾಲ್ಕು ತಿಂಗಳು ಚಿಲ್ಲರೆ. ಕೂಸಿಗೆ ಎದೆಹಾಲಲ್ಲದೆ ಬೇರೇನೂ ಕೂಡದೆಂದು ಹೇಳುವ ಅವಧಿ ಆರು ತಿಂಗಳು. ನಡುವಿನ ತೆರಪನ್ನು ಪಂಪೋ ಕೈಯೋ ತುಂಬಬೇಕು. ಕೂಸಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡುವ ಬಿಡುವು ಕೊಡಬೇಕೆಂದು ೧೯೬೧ರ ಕಾಯಿದೆ ವಿಧಿಸಿತ್ತು. ಐವತ್ತು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂಬುದು ೨೦೧೭ರಲ್ಲಿ ಸೇರಿತು. ಇವೆರಡೂ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಉಳಿದಿವೆ. ಗಾರೆ ಕೆಲಸದವಳಿಗೆ, ಕಳೆ ಕೀಳುವವಳಿಗೆ ಇವು ಯಾವುವೂ ಮುಟ್ಟುವುದಿಲ್ಲ. ಅವಳ ಸಲಕರಣೆ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿ. ಅಂಥವರಿಗಾಗಿ ೪,೦೦೦ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯ ಸರ್ಕಾರ ೨೦೨೩ರ ಬಜೆಟ್ಟಿನಲ್ಲಿ ಸಾರಿತು.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೆಂಗಸರು ಬೆಳಗ್ಗೆಯಿಂದ ಸಂಜೆಯವರೆಗೆ ಹೊಲಿಗೆಯಂತ್ರದ ಮುಂದೆ ಕುಳಿತಿರುತ್ತಾರೆ. ಗಂಟೆಗೆ ಇಷ್ಟು ತುಂಡು ಎಂದು ಗುರಿಯಿರುತ್ತದೆ. ಕಾಯಿದೆಯ ಬಿಡುವು ಕಾಗದದಲ್ಲಿದ್ದರೂ, ಒಬ್ಬಳು ಎದ್ದರೆ ಇಡೀ ಸಾಲಿನ ಕೆಲಸ ನಿಲ್ಲುವುದರಿಂದ ಏಳಲು ಹಿಂಜರಿಯುವವರೇ ಹೆಚ್ಚು. ಹನ್ನೊಂದು ಗಂಟೆಯ ಹೊತ್ತಿಗೆ ಎದೆ ಕಟ್ಟಿಕೊಂಡು ರವಿಕೆ ಒದ್ದೆಯಾಗುತ್ತದೆ. ಎದ್ದು ಹೋದರೂ ಹಾಲನ್ನು ಹಿಂಡಲು ಒಂದು ಶುಚಿಯಾದ ಸ್ಥಳ, ಕೂರಲು ಬೆನ್ನಿರುವ ಕುರ್ಚಿ, ಕೈ ತೊಳೆಯಲು ನೀರು, ಬಾಗಿಲಿಗೆ ಒಳಗಿನ ಚಿಲಕ, ಹಿಂಡಿದ್ದನ್ನು ಇಡಲು ತಂಪುಪೆಟ್ಟಿಗೆ ಬೇಕು. ಇವಿಲ್ಲದ ಕಡೆ ಅವಳು ಹೋಗುವುದು ಶೌಚಾಲಯಕ್ಕೆ. ಹಿಂಡಿದ ಹಾಲನ್ನು ಚೆಲ್ಲಿ, ಸೆರಗನ್ನು ಸರಿಮಾಡಿಕೊಂಡು, ಗಂಟೆ ಬಾರಿಸುವುದರೊಳಗೆ ಯಂತ್ರಕ್ಕೆ ಮರಳುತ್ತಾಳೆ.